ಗಿಡಕ್ಕೆ ಬೇಕಾದದ್ದು ಬಿಸಿಲಿನ ಬಿಸಿಯಲ್ಲ, ಬೆಳಕು: ಒಂದೇ ಬೇಸಿಗೆಯಲ್ಲಿ 500 ಪ್ರಯೋಗ ಮಾಡಿ ತೋರಿಸಿದ ವೈದ್ಯ ಇಂಗೆನ್‌ಹೌಸ್

ಫ್ಲ್ಯಾಟಿನ ಹಾಲ್‌ನಲ್ಲಿ, ಸೋಫಾ ಪಕ್ಕದ ಮೂಲೆಯಲ್ಲಿ ಒಂದು ಗಿಡ ಇಟ್ಟಿರುತ್ತೇವೆ. ನರ್ಸರಿಯಿಂದ ತಂದಾಗ ಎಲೆಗಳು ಹಸಿರಾಗಿ ಮಿಂಚುತ್ತಿರುತ್ತವೆ. ಎರಡು ತಿಂಗಳು ಕಳೆಯುವುದರೊಳಗೆ ಕೆಳಗಿನ ಎಲೆಗಳು ಹಳದಿಯಾಗುತ್ತವೆ, ಕಾಂಡ ಸಣಕಲಾಗಿ ಉದ್ದಕ್ಕೆ ಬೆಳೆಯುತ್ತದೆ, ಇಡೀ ಗಿಡ ಕಿಟಕಿಯ ಕಡೆಗೆ ವಾಲುತ್ತದೆ. ನೀರು ಕಡಿಮೆಯಾಯಿತೇನೋ ಎಂದು ಇನ್ನಷ್ಟು ನೀರು ಹಾಕುತ್ತೇವೆ, ಗೊಬ್ಬರ ಸಾಲದೇನೋ ಎಂದು ಗೊಬ್ಬರ ತರುತ್ತೇವೆ. ಗಿಡ ಮಾತ್ರ ಚೇತರಿಸಿಕೊಳ್ಳುವುದಿಲ್ಲ.

ಹೆಚ್ಚಿನ ಸಂದರ್ಭಗಳಲ್ಲಿ ಅದಕ್ಕೆ ಕೊರತೆಯಾಗಿರುವುದು ಬೆಳಕು. ಇವತ್ತು ಇದು ಶಾಲೆಯ ಮಕ್ಕಳಿಗೂ ಗೊತ್ತಿರುವ ವಿಷಯ. ಆದರೆ ಸುಮಾರು 250 ವರ್ಷಗಳ ಹಿಂದೆ ಯುರೋಪಿನ ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಇದು ಗೊತ್ತಿರಲಿಲ್ಲ. ಗಿಡ ಗಾಳಿಯನ್ನು ಶುದ್ಧ ಮಾಡುತ್ತದೆ ಎಂದು ಕೆಲವರು ಹೇಳುತ್ತಿದ್ದರು, ಕೆಡಿಸುತ್ತದೆ ಎಂದು ಇನ್ನು ಕೆಲವರು ವಾದಿಸುತ್ತಿದ್ದರು. ಇಬ್ಬರೂ ಅರ್ಧ ಸರಿ ಎಂದು ತೋರಿಸಿಕೊಟ್ಟವರು ಸಸ್ಯವಿಜ್ಞಾನಿಯಲ್ಲ, ಸಿಡುಬು ರೋಗ ತಡೆಯುವುದರಲ್ಲಿ ಹೆಸರು ಮಾಡಿದ್ದ ಒಬ್ಬ ಡಚ್ ವೈದ್ಯ. ಅವರೇ ಯಾನ್ ಇಂಗೆನ್‌ಹೌಸ್.

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಈ ಹೆಸರು ಎಲ್ಲೋ ಕೇಳಿದಂತೆ ಅನ್ನಿಸಬಹುದು. ಜೀವಶಾಸ್ತ್ರದ ದ್ಯುತಿಸಂಶ್ಲೇಷಣೆಯ ಪಾಠದಲ್ಲಿ ಪ್ರೀಸ್ಟ್ಲಿ ನಂತರ ಒಂದು ಪ್ಯಾರಾದಲ್ಲಿ ಬಂದು ಹೋಗುವ ಹೆಸರು ಇದು. ಆ ಪ್ಯಾರಾದ ಹಿಂದೆ ದೊಡ್ಡ ಬದುಕೊಂದಿದೆ.

ಬ್ರೆಡಾ ಪಟ್ಟಣದ ಹುಡುಗ

ಇಂಗೆನ್‌ಹೌಸ್ ಹುಟ್ಟಿದ್ದು 1730ರ ಡಿಸೆಂಬರ್ 8ರಂದು, ನೆದರ್ಲೆಂಡ್ಸ್‌ನ ದಕ್ಷಿಣ ಭಾಗದ ಬ್ರೆಡಾ ಪಟ್ಟಣದಲ್ಲಿ. ತಂದೆ ವ್ಯಾಪಾರಿ. ತಾಯಿ, ಮಗ ಇನ್ನೂ ಕೂಸಾಗಿದ್ದಾಗಲೇ ತೀರಿಕೊಂಡರು. ಕುಟುಂಬ ಕ್ಯಾಥೊಲಿಕ್ ಪಂಥಕ್ಕೆ ಸೇರಿತ್ತು. ಪ್ರೊಟೆಸ್ಟೆಂಟರ ಆಡಳಿತವಿದ್ದ ಆ ದೇಶದಲ್ಲಿ ಕ್ಯಾಥೊಲಿಕರಿಗೆ ಎಷ್ಟೋ ಬಾಗಿಲುಗಳು ಮುಚ್ಚಿದ್ದವು.

1740ರ ದಶಕದಲ್ಲಿ ಯುದ್ಧದ ಕಾರಣಕ್ಕೆ ಬ್ರಿಟಿಷ್ ಸೈನ್ಯ ಆ ಭಾಗದಲ್ಲಿ ಬೀಡುಬಿಟ್ಟಿತ್ತು. ಸೈನ್ಯದ ವೈದ್ಯರಾಗಿದ್ದ ಜಾನ್ ಪ್ರಿಂಗಲ್ ಅವರಿಗೆ ಇಂಗೆನ್‌ಹೌಸ್ ಮನೆಯವರ ಪರಿಚಯವಾಯಿತು. ಓದಿನಲ್ಲಿ ಚುರುಕಾಗಿದ್ದ ಹುಡುಗ ಪ್ರಿಂಗಲ್ ಕಣ್ಣಿಗೆ ಬಿದ್ದ. ಮುಂದೆ ಅವನ ಬದುಕಿನ ದೊಡ್ಡ ತಿರುವುಗಳಲ್ಲೆಲ್ಲ ಪ್ರಿಂಗಲ್ ಅವರ ಕೈ ಇದ್ದೇ ಇತ್ತು.

ಇಂಗೆನ್‌ಹೌಸ್ ಲುವೆನ್ ವಿಶ್ವವಿದ್ಯಾಲಯದಲ್ಲಿ ವೈದ್ಯಪದವಿ ಪಡೆದು, ಲೈಡನ್‌ನಲ್ಲಿ ಓದು ಮುಂದುವರಿಸಿದರು. ಲೈಡನ್ ಆಗ ಭೌತಶಾಸ್ತ್ರಕ್ಕೂ ರಸಾಯನಶಾಸ್ತ್ರಕ್ಕೂ ಹೆಸರಾದ ಊರು. ವಿದ್ಯುತ್ತಿನ ಮೇಲಿನ ಆಸಕ್ತಿ ಅವರಿಗೆ ಹತ್ತಿದ್ದು ಅಲ್ಲಿ. ಊರಿಗೆ ಮರಳಿ ಬ್ರೆಡಾದಲ್ಲಿ ಕೆಲವು ವರ್ಷ ವೈದ್ಯವೃತ್ತಿ ನಡೆಸಿದರು. ರೋಗಿಗಳನ್ನು ನೋಡಿ ಉಳಿದ ಸಮಯವೆಲ್ಲ ಮನೆಯಲ್ಲೇ ಪ್ರಯೋಗಗಳಿಗೆ ಹೋಗುತ್ತಿತ್ತು. 1764ರಲ್ಲಿ ತಂದೆ ತೀರಿಕೊಂಡ ಮೇಲೆ ಊರಿನ ಕಟ್ಟು ಸಡಿಲವಾಯಿತು. ಪ್ರಿಂಗಲ್ ಕರೆಗೆ ಓಗೊಟ್ಟು ಮರುವರ್ಷ ಲಂಡನ್‌ಗೆ ಹೊರಟರು.

ಸಾಮ್ರಾಜ್ಞಿಯ ಮನೆಗೆ ಸಿಡುಬಿನ ಸೂಜಿ

ಆ ಕಾಲದಲ್ಲಿ ಸಿಡುಬು ಯುರೋಪಿನ ಮನೆಮನೆಯ ಭಯ. ರೋಗ ಬಂದವರಲ್ಲಿ ನೂರಕ್ಕೆ ಇಪ್ಪತ್ತು ಮೂವತ್ತು ಮಂದಿ ಸಾಯುತ್ತಿದ್ದರು, ಬದುಕಿದವರ ಮುಖದ ಮೇಲೆ ಕಲೆ ಉಳಿಯುತ್ತಿತ್ತು, ಕೆಲವರು ಕಣ್ಣು ಕಳೆದುಕೊಳ್ಳುತ್ತಿದ್ದರು. ಇದಕ್ಕಿದ್ದ ಒಂದೇ ತಡೆ ಎಂದರೆ, ಸಿಡುಬಿನ ಗುಳ್ಳೆಯ ಕೀವನ್ನು ಸೂಜಿಯ ಮೊನೆಗೆ ಹಚ್ಚಿ ಆರೋಗ್ಯವಂತರ ಚರ್ಮಕ್ಕೆ ಚುಚ್ಚುವುದು. ಅವರಿಗೆ ಸೌಮ್ಯ ರೂಪದಲ್ಲಿ ರೋಗ ಬಂದು ಹೋಗಿ, ಮತ್ತೆಂದೂ ಸಿಡುಬು ತಗಲುತ್ತಿರಲಿಲ್ಲ. ನಮ್ಮ ಬಂಗಾಳದ ಕಡೆಯೂ ಟೀಕಾ ಹಾಕುವವರು ಇಂಥದ್ದೇ ಕ್ರಮವನ್ನು ಬಹಳ ಹಿಂದಿನಿಂದ ಅನುಸರಿಸುತ್ತಿದ್ದರು. ಆದರೆ ಇದರಲ್ಲಿ ಅಪಾಯವಿತ್ತು. ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ ಒಬ್ಬಿಬ್ಬರು ಅದರಿಂದಲೇ ಸಾಯುವುದಿತ್ತು.

ಇಂಗೆನ್‌ಹೌಸ್ ಲಂಡನ್‌ನ ಅನಾಥಮಕ್ಕಳ ಆಸ್ಪತ್ರೆಯಲ್ಲಿ ಈ ವಿದ್ಯೆಯನ್ನು ಕೈಗೂಡಿಸಿಕೊಂಡರು. 1768ರಲ್ಲಿ ಹರ್ಟ್‌ಫರ್ಡ್‌ಶೈರ್ ಪ್ರಾಂತದಲ್ಲಿ ಸಿಡುಬು ಹಬ್ಬುವ ಸೂಚನೆ ಕಂಡಾಗ ಸುಮಾರು 700 ಹಳ್ಳಿಗರಿಗೆ ಸೂಜಿ ಚುಚ್ಚುವ ಕೆಲಸದಲ್ಲಿ ಕೈಜೋಡಿಸಿದರು. ಅವರ ಹೆಸರು ಅರಮನೆಯವರೆಗೆ ಹೋಯಿತು.

ಅದೇ ಹೊತ್ತಿಗೆ ವಿಯೆನ್ನಾದಲ್ಲಿ ಆಸ್ಟ್ರಿಯಾದ ಸಾಮ್ರಾಜ್ಞಿ ಮರಿಯಾ ತೆರೇಸಾ ಕಂಗಾಲಾಗಿದ್ದರು. ಸಿಡುಬು ಅವರ ಮಕ್ಕಳಲ್ಲಿ ಮೂವರನ್ನು ನುಂಗಿತ್ತು. ಮಗ ಜೋಸೆಫ್ ಅವರ ಇಬ್ಬರು ಪತ್ನಿಯರೂ ಒಬ್ಬರ ನಂತರ ಒಬ್ಬರು ಅದೇ ರೋಗಕ್ಕೆ ಬಲಿಯಾಗಿದ್ದರು. 1767ರಲ್ಲಿ ಸಾಮ್ರಾಜ್ಞಿಗೂ ರೋಗ ತಗಲಿ, ಸಾವಿನ ಬಾಗಿಲು ತಟ್ಟಿ ಬಂದಿದ್ದರು. ಇಂಗ್ಲೆಂಡಿನಿಂದ ಒಬ್ಬ ನುರಿತ ವೈದ್ಯನನ್ನು ಕಳಿಸಿ ಎಂದು ಅಲ್ಲಿಂದ ಕೋರಿಕೆ ಬಂದಾಗ ಪ್ರಿಂಗಲ್ ಸೂಚಿಸಿದ ಹೆಸರು ಇಂಗೆನ್‌ಹೌಸ್.

ಕೆಲಸ ಸುಲಭದ್ದಾಗಿರಲಿಲ್ಲ. ವಿಯೆನ್ನಾದ ಹೆಸರಾಂತ ವೈದ್ಯರಲ್ಲಿ ಈ ಪದ್ಧತಿಯನ್ನು ಖಂಡತುಂಡವಾಗಿ ವಿರೋಧಿಸುವವರಿದ್ದರು. ರಾಜಕುಮಾರರಲ್ಲಿ ಒಬ್ಬರಿಗೆ ಹೆಚ್ಚುಕಡಿಮೆಯಾದರೂ ವೈದ್ಯನ ಬದುಕು ಅಲ್ಲಿಗೆ ಮುಗಿದಂತೆ. ಮೊದಲು ಬಡಕುಟುಂಬಗಳ ಮಕ್ಕಳ ಮೇಲೆ ಪರೀಕ್ಷೆ ನಡೆಯಿತು. ಇವತ್ತಿನ ಕಣ್ಣಿಗೆ ಒಪ್ಪಿತವಾಗದ ಈ ಕ್ರಮ ಆ ಕಾಲದ ರೂಢಿ. ಅದು ಸುಸೂತ್ರವಾಗಿ ಮುಗಿದ ಮೇಲೆ 1768ರ ಸೆಪ್ಟೆಂಬರ್‌ನಲ್ಲಿ ರಾಜಮನೆತನದ ಮಕ್ಕಳಿಗೆ ಸೂಜಿ ಚುಚ್ಚಲಾಯಿತು. ಎಲ್ಲರೂ ಸುರಕ್ಷಿತವಾಗಿ ಹೊರಬಂದರು.

ಸಾಮ್ರಾಜ್ಞಿ ಅವರನ್ನು ಆಸ್ಥಾನ ವೈದ್ಯರನ್ನಾಗಿ ನೇಮಿಸಿ, ಬದುಕಿರುವವರೆಗೆ ವರ್ಷಕ್ಕೆ 5,000 ಗುಲ್ಡನ್ ವೇತನ ಗೊತ್ತುಮಾಡಿದರು. ಹೊಟ್ಟೆಪಾಡಿನ ಚಿಂತೆ ತೀರಿತು. ಮನಸ್ಸಿಗೆ ಬಂದ ಪ್ರಶ್ನೆಯ ಬೆನ್ನು ಹತ್ತುವ ಸ್ವಾತಂತ್ರ್ಯ ಸಿಕ್ಕಿತು. 1769ರಲ್ಲಿ ಲಂಡನ್‌ನ ರಾಯಲ್ ಸೊಸೈಟಿಯ ಸದಸ್ಯತ್ವವೂ ಬಂತು. 1775ರಲ್ಲಿ ವಿಯೆನ್ನಾದ ಸಸ್ಯವಿಜ್ಞಾನಿ ನಿಕೊಲಾಸ್ ಜಾಕ್ವಿನ್ ಅವರ ತಂಗಿ ಅಗಾತಾ ಮರಿಯಾ ಅವರನ್ನು ಮದುವೆಯಾದರು.

ಪುದೀನ, ಮೇಣದಬತ್ತಿ ಮತ್ತು ಬಿಡಿಸಲಾಗದ ಒಗಟು

ಇತ್ತ ಇಂಗ್ಲೆಂಡಿನಲ್ಲಿ ಜೋಸೆಫ್ ಪ್ರೀಸ್ಟ್ಲಿ 1771ರಲ್ಲಿ ಒಂದು ಪ್ರಯೋಗ ಮಾಡಿದ್ದರು. ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಮೇಣದಬತ್ತಿ ಉರಿಸಿದರೆ ಸ್ವಲ್ಪ ಹೊತ್ತಿಗೆ ಅದು ನಂದಿಹೋಗುತ್ತದೆ. ಆ ಕೆಟ್ಟ ಗಾಳಿಯಲ್ಲಿ ಪುದೀನದ ಒಂದು ಚಿಗುರನ್ನು ಇಟ್ಟು ಕೆಲವು ದಿನ ಬಿಟ್ಟರೆ, ಅದರೊಳಗೆ ಮೇಣದಬತ್ತಿ ಮತ್ತೆ ಉರಿಯುತ್ತದೆ. ಇಲಿಯೂ ಉಸಿರಾಡುತ್ತದೆ. ಅಂದರೆ ಗಿಡ ಗಾಳಿಯನ್ನು ಸರಿಪಡಿಸುತ್ತದೆ!

ಇದು ದೊಡ್ಡ ಸುದ್ದಿಯಾಯಿತು. 1773ರಲ್ಲಿ ಪ್ರೀಸ್ಟ್ಲಿಯವರಿಗೆ ರಾಯಲ್ ಸೊಸೈಟಿಯ ಕೋಪ್ಲಿ ಪದಕ ಬಂತು. ಪದಕ ಕೊಟ್ಟ ಸಮಾರಂಭದಲ್ಲಿ ಸೊಸೈಟಿಯ ಅಧ್ಯಕ್ಷರಾಗಿ ಭಾಷಣ ಮಾಡಿದವರು ಇಂಗೆನ್‌ಹೌಸ್ ಅವರ ಹಿತೈಷಿ ಪ್ರಿಂಗಲ್. ಭೂಮಿಯ ಮೇಲಿನ ಒಂದೊಂದು ಗಿಡವೂ ಗಾಳಿಯನ್ನು ಶುಚಿ ಮಾಡುತ್ತಿದೆ ಎಂಬುದು ಆ ಭಾಷಣದ ತಿರುಳು. ಅದನ್ನು ಓದಿದ ಇಂಗೆನ್‌ಹೌಸ್ ಅವರ ತಲೆಯಲ್ಲಿ ಈ ವಿಷಯ ಕೂತುಬಿಟ್ಟಿತು.

ಆದರೆ ಒಂದು ತೊಡಕಿತ್ತು. ಪ್ರಯೋಗ ಎಲ್ಲರಿಗೂ ಸರಿಬರುತ್ತಿರಲಿಲ್ಲ. ಸ್ವೀಡನ್ನಿನ ಶೀಲೆ ಮಾಡಿದಾಗ ಗಿಡ ಗಾಳಿಯನ್ನು ಕೆಡಿಸಿತು. ಸ್ವತಃ ಪ್ರೀಸ್ಟ್ಲಿಯವರೇ ಮುಂದೆ ಮತ್ತೆ ಮಾಡಿ ನೋಡಿದಾಗ ಒಮ್ಮೆ ಹಾಗೆ, ಒಮ್ಮೆ ಹೀಗೆ ಫಲಿತಾಂಶ ಬಂತು. ಅದೇ ಗಿಡ, ಅದೇ ಪಾತ್ರೆ, ಆದರೂ ಉತ್ತರ ಬೇರೆ ಬೇರೆ. ಏನು ಬದಲಾಗುತ್ತಿದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಪಾತ್ರೆಯನ್ನು ಕೋಣೆಯ ಯಾವ ಭಾಗದಲ್ಲಿ ಇಟ್ಟಿದ್ದೆವು, ಅವತ್ತು ಮೋಡವಿತ್ತೇ, ನೋಡಿದ್ದು ಬೆಳಿಗ್ಗೆಯೋ ರಾತ್ರಿಯೋ ಎಂಬುದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಸೌತಾಲ್‌ನ ಬೇಸಿಗೆ, 1779

1779ರ ಬೇಸಿಗೆ. ಇಂಗೆನ್‌ಹೌಸ್ ಆಗ ವಿಯೆನ್ನಾದಿಂದ ಇಂಗ್ಲೆಂಡಿಗೆ ಬಂದಿದ್ದರು. ಲಂಡನ್ನಿನ ಗದ್ದಲ ಬಿಟ್ಟು, ಸುಮಾರು ಹತ್ತು ಮೈಲಿ ದೂರದ ಸೌತಾಲ್ ಗ್ರೀನ್ ಎಂಬ ಹಳ್ಳಿಯಲ್ಲಿ ಮನೆಯೊಂದನ್ನು ಬಾಡಿಗೆಗೆ ಹಿಡಿದರು. ಭಾರತೀಯರಿಗೆ ಸೌತಾಲ್ ಹೊಸ ಹೆಸರಲ್ಲ. ಇವತ್ತು ಪಂಜಾಬಿಗಳ ಅಂಗಡಿ, ಗುರುದ್ವಾರಗಳಿಂದ ತುಂಬಿರುವ ಪಶ್ಚಿಮ ಲಂಡನ್ನಿನ ಅದೇ ಪ್ರದೇಶ ಅದು. ಆಗ ಅಲ್ಲಿ ಹೊಲ, ತೋಟಗಳಿದ್ದವು.

ಅಲ್ಲಿ ಮೂರು ತಿಂಗಳು ಕೂತು ಅವರು ಮಾಡಿದ್ದು 500ಕ್ಕೂ ಹೆಚ್ಚು ಪ್ರಯೋಗ. ಸಲಕರಣೆ ಸರಳ. ಗಾಜಿನ ಜಾಡಿಗೆ ಪಂಪಿನಿಂದ ಎತ್ತಿದ ನೀರು ತುಂಬಿಸಿ, ಆಗತಾನೇ ಕಿತ್ತ ಎಲೆಗಳನ್ನು ಅದರೊಳಗೆ ಮುಳುಗಿಸಿ, ಜಾಡಿಯನ್ನು ನೀರಿನ ತೊಟ್ಟಿಯಲ್ಲಿ ಬೋರಲು ಹಾಕಿ ಬಿಸಿಲಿಗೆ ಇಡುವುದು. ಸ್ವಲ್ಪ ಹೊತ್ತಿಗೆ ಎಲೆಗಳ ಮೇಲೆ ಸಣ್ಣ ಸಣ್ಣ ಗುಳ್ಳೆಗಳು ಮೂಡುತ್ತಿದ್ದವು. ದೊಡ್ಡದಾಗಿ, ಎಲೆಯಿಂದ ಬಿಡಿಸಿಕೊಂಡು ಮೇಲೇರಿ ಜಾಡಿಯ ತುದಿಯಲ್ಲಿ ಸೇರುತ್ತಿದ್ದವು. ಹಾಗೆ ಸೇರಿದ ಗಾಳಿಯನ್ನು ತೆಗೆದು ಪರೀಕ್ಷಿಸುತ್ತಿದ್ದರು. ನೈಟ್ರಿಕ್ ಆಕ್ಸೈಡ್ ಅನಿಲದ ಜೊತೆ ನೀರಿನ ಮೇಲೆ ಬೆರೆಸಿದಾಗ ಒಟ್ಟು ಗಾತ್ರ ಎಷ್ಟು ಕುಗ್ಗುತ್ತದೆ ಎಂದು ಅಳೆಯುವ ವಿಧಾನ ಆಗ ಬಳಕೆಯಲ್ಲಿತ್ತು. ಹೆಚ್ಚು ಕುಗ್ಗಿದರೆ ಗಾಳಿ ಒಳ್ಳೆಯದು ಎಂದರ್ಥ. ಎಲೆಯಿಂದ ಬಂದ ಗಾಳಿ ಸಾಮಾನ್ಯ ಗಾಳಿಗಿಂತಲೂ ಎಷ್ಟೋ ಉತ್ತಮವಾಗಿತ್ತು. ನಾವು ಇವತ್ತು ಆಮ್ಲಜನಕ ಎನ್ನುವುದು ಅದನ್ನೇ.

ಇಲ್ಲಿಂದ ಮುಂದೆ ಅವರು ಬೇರೆಯವರು ಮಾಡದ ಕೆಲಸ ಮಾಡಿದರು. ಅದೇ ಜಾಡಿಯನ್ನು ನೆರಳಿಗೆ ಸರಿಸಿದರು. ಗುಳ್ಳೆ ನಿಂತಿತು. ಮತ್ತೆ ಬಿಸಿಲಿಗೆ ತಂದರು. ಗುಳ್ಳೆ ಬಂತು. ಸೂರ್ಯ ಮುಳುಗಿದ ಮೇಲೆ ನೋಡಿದರು, ಇಲ್ಲ. ಬೆಳಿಗ್ಗೆ ಸೂರ್ಯ ಮೇಲೇರಿದ ಮೇಲೆ ಎಲೆಗಳು ಮತ್ತೆ ಕೆಲಸಕ್ಕಿಳಿದವು. ರಾತ್ರಿಯಿಡೀ ಮುಚ್ಚಿಟ್ಟ ಜಾಡಿಯ ಗಾಳಿಯನ್ನು ಅಳೆದಾಗ ಅದು ಕೆಟ್ಟಿತ್ತು.

ಹಾಗಿದ್ದರೆ ಗಿಡಕ್ಕೆ ಬೇಕಾದದ್ದು ಸೂರ್ಯನ ಬಿಸಿಯೇ, ಬೆಳಕೇ? ಇದನ್ನು ಬಿಡಿಸಲು ಎಲೆಗಳಿದ್ದ ಜಾಡಿಯನ್ನು ಬೆಂಕಿಯ ಹತ್ತಿರ ಇಟ್ಟರು. ಬಿಸಿಯಿತ್ತು, ಸೂರ್ಯನ ಬೆಳಕಿರಲಿಲ್ಲ. ಒಳ್ಳೆಯ ಗಾಳಿ ಹುಟ್ಟಲಿಲ್ಲ. ಕೆಲಸ ಮಾಡುತ್ತಿದ್ದುದು ಬೆಳಕು ಎಂಬುದು ಸ್ಪಷ್ಟವಾಯಿತು.

ಗಿಡದ ಯಾವ ಭಾಗ ಈ ಕೆಲಸ ಮಾಡುತ್ತದೆ ಎಂಬುದನ್ನೂ ಅವರು ಬಿಡಿಬಿಡಿಯಾಗಿ ನೋಡಿದರು. ಎಲೆ ಮತ್ತು ಹಸಿರು ಕಾಂಡ, ತೊಟ್ಟುಗಳು ಮಾತ್ರ ಒಳ್ಳೆಯ ಗಾಳಿ ಕೊಡುತ್ತಿದ್ದವು. ಬೇರು, ಹೂವು, ಹಣ್ಣುಗಳು ಹಗಲೂ ರಾತ್ರಿಯೂ ಗಾಳಿಯನ್ನು ಕೆಡಿಸುತ್ತಿದ್ದವು. ಎಳೆಯ ಎಲೆಗಿಂತ ಬಲಿತ ಎಲೆ ಹೆಚ್ಚು ಕೆಲಸ ಮಾಡುತ್ತಿತ್ತು. ಇನ್ನೊಂದು ಮಾತನ್ನೂ ಅವರು ಗುರುತಿಸಿದರು: ಎತ್ತರದ ಕಟ್ಟಡಗಳ ನೆರಳಿನಲ್ಲಿರುವ ಗಿಡ, ಬೇರೆ ಮರಗಳ ದಟ್ಟ ನೆರಳಿನಲ್ಲಿರುವ ಗಿಡ ಈ ಕೆಲಸ ಮಾಡುವುದಿಲ್ಲ. ಎದುರಿನ ಟವರ್ ಬಿಸಿಲನ್ನು ತಡೆದ ಬಾಲ್ಕನಿಯಲ್ಲಿ ತುಳಸಿ ಬೆಳೆಸಲು ಒದ್ದಾಡುವವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ.

ಅದೇ ವರ್ಷ ಈ ಎಲ್ಲವನ್ನೂ ಪುಸ್ತಕವಾಗಿ ಪ್ರಕಟಿಸಿ ಪ್ರಿಂಗಲ್ ಅವರಿಗೆ ಅರ್ಪಿಸಿದರು. ಹಗಲಿನಲ್ಲಿ ಗಿಡ ಗಾಳಿಯನ್ನು ಶುದ್ಧ ಮಾಡುತ್ತದೆ, ನೆರಳಿನಲ್ಲಿ ಮತ್ತು ರಾತ್ರಿಯಲ್ಲಿ ಕೆಡಿಸುತ್ತದೆ ಎಂಬ ತೀರ್ಮಾನ ಪುಸ್ತಕದ ಉದ್ದನೆಯ ಹೆಸರಿನಲ್ಲೇ ಇತ್ತು. ಒಗಟು ಬಿಡಿಸಿತ್ತು. ಪ್ರೀಸ್ಟ್ಲಿಯೂ ಸರಿ, ಶೀಲೆಯೂ ಸರಿ. ವ್ಯತ್ಯಾಸವಿದ್ದುದು ಪಾತ್ರೆಯ ಮೇಲೆ ಬಿದ್ದ ಬೆಳಕಿನಲ್ಲಿ.

ಮಲಗುವ ಕೋಣೆಯ ಗಿಡ: ಒಂದು ಭಯದ ಮೂಲ

ಇಂಗೆನ್‌ಹೌಸ್ ಕಂಡುಕೊಂಡ ಸತ್ಯದ ಜೊತೆಗೆ ಒಂದು ಭಯವೂ ಹರಡಿತು. ರಾತ್ರಿ ಹೊತ್ತು ಮುಚ್ಚಿದ ಕೋಣೆಯಲ್ಲಿ ಗಿಡ, ಹೂವು, ಹಣ್ಣು ಇಟ್ಟುಕೊಳ್ಳುವುದು ಒಳ್ಳೆಯದಲ್ಲ ಎಂದು ಅವರು ಎಚ್ಚರಿಸಿದ್ದರು. ರಾತ್ರಿ ಗಿಡಗಳು ನಮ್ಮ ಹಾಗೆಯೇ ಉಸಿರಾಡುತ್ತವೆ, ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ ಎಂಬುದು ನಿಜ. ಆದರೆ ಪ್ರಮಾಣ ಬಹಳ ಕಡಿಮೆ. ಒಂದೆರಡು ಕುಂಡಗಳು ಬಿಡುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಪಕ್ಕದಲ್ಲಿ ಮಲಗಿರುವ ಒಬ್ಬ ಮನುಷ್ಯ ಬಿಡುತ್ತಾನೆ. ಆದ್ದರಿಂದ ಬೆಡ್‌ರೂಮಿನಲ್ಲಿ ಗಿಡ ಇದ್ದರೆ ಉಸಿರುಗಟ್ಟುತ್ತದೆ ಎಂದು ಹೆದರಬೇಕಿಲ್ಲ.

ಇದರ ಇನ್ನೊಂದು ಮಗ್ಗುಲೂ ಇದೆ. ನಾಲ್ಕು ಕುಂಡ ಇಟ್ಟರೆ ಮನೆಯೆಲ್ಲ ಆಮ್ಲಜನಕ ತುಂಬುತ್ತದೆ ಎಂಬ ಜಾಹೀರಾತಿನ ಮಾತೂ ಅಷ್ಟೇ ಪೊಳ್ಳು. ಬೆಳಕಿಲ್ಲದ ಮೂಲೆಯಲ್ಲಿಟ್ಟ ಗಿಡ ಆಮ್ಲಜನಕ ಕೊಡುವುದಿರಲಿ, ತನ್ನ ಜೀವ ಉಳಿಸಿಕೊಳ್ಳಲೇ ಹೆಣಗುತ್ತಿರುತ್ತದೆ.

ಮೊದಲು ಕಂಡವರು ಯಾರು?

ಪುಸ್ತಕ ಹೊರಬಂದ ಮೇಲೆ ನೆಮ್ಮದಿ ಸಿಗಲಿಲ್ಲ. ಅದೇ ಹೊತ್ತಿನಲ್ಲಿ ಪ್ರೀಸ್ಟ್ಲಿಯವರೂ ನೀರಿನಲ್ಲಿ ಬೆಳೆಯುವ ಹಸಿರು ಪಾಚಿಯಂಥ ವಸ್ತುವಿನ ಮೇಲೆ ಬೆಳಕಿನ ಪರಿಣಾಮ ಗಮನಿಸಿದ್ದರು. ಯಾರು ಮೊದಲು ಎಂಬ ವಿವಾದ ಹುಟ್ಟಿಕೊಂಡಿತು. ಜಿನೀವಾದ ಜೀನ್ ಸೆನೆಬಿಯೆ ಎಂಬ ಪಾದ್ರಿ 1782ರಲ್ಲಿ ಇದೇ ವಿಷಯದ ಮೇಲೆ ದೊಡ್ಡ ಗ್ರಂಥ ತಂದರು. ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಇದ್ದರೆ ಮಾತ್ರ ಎಲೆಯಿಂದ ಒಳ್ಳೆಯ ಗಾಳಿ ಹುಟ್ಟುತ್ತದೆ ಎಂಬುದು ಅವರು ಸೇರಿಸಿದ ಮುಖ್ಯ ಅಂಶ. ಇಂಗೆನ್‌ಹೌಸ್ ಮತ್ತು ಸೆನೆಬಿಯೆ ನಡುವೆ ವರ್ಷಗಟ್ಟಲೆ ಜಗಳ ನಡೆಯಿತು. ತನ್ನ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಬೇರೆಯವರ ಪಾಲಾಗುತ್ತಿದೆ ಎಂಬ ಕೊರಗು ಇಂಗೆನ್‌ಹೌಸ್ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಇಷ್ಟರ ನಡುವೆಯೂ ಕೆಲಸ ನಿಲ್ಲಿಸಲಿಲ್ಲ. ಬೆಂಜಮಿನ್ ಫ್ರಾಂಕ್ಲಿನ್ ಅವರ ಆಪ್ತ ಸ್ನೇಹಿತರು. ಇಬ್ಬರ ನಡುವೆ ವಿದ್ಯುತ್ತು, ಮಿಂಚು, ಶಾಖದ ಬಗ್ಗೆ ವರ್ಷಾನುಗಟ್ಟಲೆ ಪತ್ರ ವ್ಯವಹಾರ ನಡೆಯಿತು. ಬೇರೆ ಬೇರೆ ಲೋಹದ ಕಡ್ಡಿಗಳಿಗೆ ಮೇಣ ಸವರಿ, ಒಂದು ತುದಿಯನ್ನು ಬಿಸಿ ಮಾಡಿ, ಯಾವುದರ ಮೇಲೆ ಮೇಣ ಹೆಚ್ಚು ದೂರ ಕರಗುತ್ತದೆ ಎಂದು ನೋಡುವ ಪ್ರಯೋಗ ಶಾಲೆಯ ಪ್ರಯೋಗಾಲಯಗಳಲ್ಲಿ ಇವತ್ತಿಗೂ ಇದೆ. ಅದು ಇಂಗೆನ್‌ಹೌಸ್ ಅವರದೇ. 1796ರಲ್ಲಿ ಬರೆದ ಪ್ರಬಂಧದಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗಿಡದ ಮೈಯಲ್ಲಿರುವ ಇಂಗಾಲ ಬರುವುದು ಮುಖ್ಯವಾಗಿ ಮಣ್ಣಿನಿಂದಲ್ಲ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡಿನಿಂದ ಎಂದು ವಾದಿಸಿದರು. ಅದು ಸರಿಯಾಗಿತ್ತು.

ಕೊನೆಯ ದಿನಗಳು, ಕೊನೆಯ ತಪ್ಪು

1780ರ ದಶಕದ ಕೊನೆಗೆ ಅವರು ವಿಯೆನ್ನಾ ಬಿಟ್ಟು ಪ್ರವಾಸ ಹೊರಟರು. 1789ರಲ್ಲಿ ಪ್ಯಾರಿಸ್‌ನಲ್ಲಿದ್ದಾಗಲೇ ಫ್ರೆಂಚ್ ಕ್ರಾಂತಿ ಭುಗಿಲೆದ್ದಿತು. ಅಲ್ಲಿಂದ ಹೇಗೋ ಪಾರಾಗಿ ಇಂಗ್ಲೆಂಡ್ ಸೇರಿದರು. ಯುರೋಪಿನ ತುಂಬ ಯುದ್ಧ, ಜೊತೆಗೆ ದೇಹಾರೋಗ್ಯವೂ ಕೈಕೊಟ್ಟಿತು. ವಿಯೆನ್ನಾಕ್ಕೆ ಮರಳುವುದು ಆಗಲೇ ಇಲ್ಲ. ಪತ್ನಿ ಅಲ್ಲಿಯೇ ಉಳಿದರು.

ಜೀವನದ ಕೊನೆಯಲ್ಲಿ ಅವರೊಂದು ತಪ್ಪು ಮಾಡಿದರು. 1798ರಲ್ಲಿ ಎಡ್ವರ್ಡ್ ಜೆನ್ನರ್, ಹಸುವಿಗೆ ಬರುವ ಸಿಡುಬಿನ ದ್ರವವನ್ನು ಚುಚ್ಚಿದರೆ ಮನುಷ್ಯರ ಸಿಡುಬಿನಿಂದ ರಕ್ಷಣೆ ಸಿಗುತ್ತದೆ ಎಂದು ಪ್ರಕಟಿಸಿದರು. ಹಳೆಯ ಪದ್ಧತಿಗಿಂತ ಇದು ಎಷ್ಟೋ ಸುರಕ್ಷಿತ. ಆದರೆ ಸಿಡುಬಿನ ಸೂಜಿಯಿಂದಲೇ ಹೆಸರು ಗಳಿಸಿದ್ದ ಇಂಗೆನ್‌ಹೌಸ್ ಇದನ್ನು ಒಪ್ಪದೆ ಜೆನ್ನರ್‌ಗೆ ಆಕ್ಷೇಪದ ಪತ್ರ ಬರೆದರು. ಕಾಲ ಜೆನ್ನರ್ ಪರ ನಿಂತಿತು. ಎಲೆಯ ವಿಷಯದಲ್ಲಿ ಹಳೆಯ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿ ಗೆದ್ದವರೇ ತಮ್ಮ ವೃತ್ತಿಯ ವಿಷಯದಲ್ಲಿ ಹೊಸದನ್ನು ಒಪ್ಪಲಾಗದೆ ಹೋದರು.

1799ರ ಸೆಪ್ಟೆಂಬರ್ 7ರಂದು ವಿಲ್ಟ್‌ಶೈರ್‌ನ ಬೋವುಡ್ ಎಂಬ ಬಂಗಲೆಯಲ್ಲಿ ಅವರು ತೀರಿಕೊಂಡರು. ಸ್ನೇಹಿತ ಲಾರ್ಡ್ ಲ್ಯಾನ್ಸ್‌ಡೌನ್ ಅವರ ಮನೆ ಅದು. 1774ರಲ್ಲಿ ಪ್ರೀಸ್ಟ್ಲಿ ಆಮ್ಲಜನಕವನ್ನು ಮೊದಲು ಬೇರ್ಪಡಿಸಿದ್ದು ಇದೇ ಬೋವುಡ್‌ನಲ್ಲಿ, ಇದೇ ಲಾರ್ಡ್ ಅವರ ಆಶ್ರಯದಲ್ಲಿದ್ದಾಗ. ಆ ಗಾಳಿ ಹಸಿರೆಲೆಯಿಂದ ಯಾವಾಗ ಹೊರಬರುತ್ತದೆ ಎಂದು ತೋರಿಸಿದವರು ಕೊನೆಯುಸಿರೆಳೆದದ್ದೂ ಅಲ್ಲಿಯೇ. ಹತ್ತಿರದ ಕಾನ್ ಪಟ್ಟಣದಲ್ಲಿ ಅವರನ್ನು ಸಮಾಧಿ ಮಾಡಲಾಯಿತು.

ನಮ್ಮ ಮನೆಯ ಗಿಡಕ್ಕೆ ಇದರಿಂದ ಏನು ಪಾಠ?

ಇಂಗೆನ್‌ಹೌಸ್ ಕಂಡದ್ದನ್ನು ಇವತ್ತಿನ ಭಾಷೆಯಲ್ಲಿ ಹೀಗೆ ಹೇಳಬಹುದು. ಗಿಡಕ್ಕೆ ಹಗಲು ಗಳಿಕೆ ಇದೆ, ಇಡೀ ದಿನ ಖರ್ಚಿದೆ. ಬೆಳಕು ಬಿದ್ದಾಗ ಎಲೆ ಸಕ್ಕರೆ ತಯಾರಿಸುತ್ತದೆ, ಅದು ಗಳಿಕೆ. ಉಸಿರಾಟಕ್ಕೆ ಆ ಸಕ್ಕರೆ ವ್ಯಯವಾಗುತ್ತದೆ, ಅದು ಹಗಲೂ ರಾತ್ರಿಯೂ ನಡೆಯುವ ಖರ್ಚು. ಬೆಳಕು ಸಾಲದಿದ್ದರೆ ಗಳಿಕೆಗಿಂತ ಖರ್ಚೇ ಹೆಚ್ಚು. ಆಗ ಗಿಡ ಕೂಡಿಟ್ಟದ್ದನ್ನು ಕರಗಿಸುತ್ತ, ಹಳೆಯ ಎಲೆಗಳನ್ನು ಕಳಚಿಕೊಳ್ಳುತ್ತ, ಬೆಳಕು ಹುಡುಕಿ ಉದ್ದಕ್ಕೆ ಬೆಳೆಯುತ್ತದೆ. ತಿಂಗಳುಗಟ್ಟಲೆ ನಿಧಾನವಾಗಿ ಸೊರಗುವ ಗಿಡದ ಕಥೆ ಸಾಮಾನ್ಯವಾಗಿ ಇಷ್ಟೇ.

ಇಲ್ಲಿ ನಮ್ಮ ಕಣ್ಣು ನಮ್ಮನ್ನು ಮೋಸಗೊಳಿಸುತ್ತದೆ. ಮಧ್ಯಾಹ್ನದ ನೇರ ಬಿಸಿಲಿನಲ್ಲಿ ಬೆಳಕಿನ ಪ್ರಮಾಣ ಸುಮಾರು 1,00,000 ಲಕ್ಸ್. ರಾತ್ರಿ ದೀಪ ಹಾಕಿದ ಹಾಲ್‌ನಲ್ಲಿ 100ರಿಂದ 300 ಲಕ್ಸ್ ಇರಬಹುದು. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುವುದರಿಂದ ಕೋಣೆ ಬೆಳಕಾಗಿದೆ ಅನ್ನಿಸುತ್ತದೆ. ಎಲೆಗೆ ಆ ಅನುಕೂಲವಿಲ್ಲ.

ಕೆಲವು ಸಂಗತಿಗಳನ್ನು ನೆನಪಿಟ್ಟುಕೊಂಡರೆ ಸಾಕು:

ಕಿಟಕಿಯಿಂದ ದೂರ ಸರಿದಂತೆ ಬೆಳಕು ಬೇಗನೆ ಕುಗ್ಗುತ್ತದೆ. ಕುಂಡವನ್ನು ಒಂದೆರಡು ಅಡಿ ಕಿಟಕಿಯ ಹತ್ತಿರಕ್ಕೆ ತಂದರೂ ದೊಡ್ಡ ವ್ಯತ್ಯಾಸವಾಗುತ್ತದೆ.

ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಜೀಜೀ ಪ್ಲಾಂಟ್, ಅಗ್ಲೋನಿಮಾದಂಥವು ಕಡಿಮೆ ಬೆಳಕನ್ನು ಸಹಿಸುತ್ತವೆ. ಸಹಿಸುತ್ತವೆ ಎಂದರೆ ಕತ್ತಲಲ್ಲಿ ಬೆಳೆಯುತ್ತವೆ ಎಂದಲ್ಲ. ತುಳಸಿ, ಮಲ್ಲಿಗೆ, ಗುಲಾಬಿಗೆ ದಿನಕ್ಕೆ ಕೆಲವು ಗಂಟೆ ನೇರ ಬಿಸಿಲು ಬೇಕೇ ಬೇಕು.

ಬಣ್ಣದ ಪಟ್ಟೆಯಿರುವ ಎಲೆಗಳಲ್ಲಿ ಹಸಿರು ಭಾಗ ಕಡಿಮೆ. ಇಂಥ ಗಿಡಗಳಿಗೆ ಹೆಚ್ಚು ಬೆಳಕು ಬೇಕು. ಸಾಲದಿದ್ದರೆ ಹೊಸ ಎಲೆಗಳಲ್ಲಿ ಪಟ್ಟೆ ಮಾಯವಾಗುವುದುಂಟು.

ಕಡಿಮೆ ಬೆಳಕಿನಲ್ಲಿ ಗಿಡ ನೀರನ್ನೂ ಕಡಿಮೆ ಹೀರುತ್ತದೆ. ಮೊದಲಿನಷ್ಟೇ ನೀರು ಹಾಕುತ್ತಾ ಹೋದರೆ ಬೇರು ಕೊಳೆಯುತ್ತದೆ. ಮುಂಬೈ, ಪುಣೆಯ ಮಳೆಗಾಲದಲ್ಲಿ ವಾರಗಟ್ಟಲೆ ಮೋಡ ಕವಿದಿರುವಾಗ ನೀರನ್ನು ಕಡಿಮೆ ಮಾಡಬೇಕು.

ದೆಹಲಿಯ ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣದ ಕಿಟಕಿಯಲ್ಲಿ ಆಗ ಒಳ್ಳೆಯ ಬಿಸಿಲು ಸಿಗುತ್ತದೆ. ಋತುವಿಗೆ ತಕ್ಕಂತೆ ಕುಂಡದ ಜಾಗ ಬದಲಿಸಬೇಕು.

ನೆರಳಲ್ಲಿದ್ದ ಗಿಡವನ್ನು ಒಮ್ಮೆಲೇ ಚೆನ್ನೈ, ಹೈದರಾಬಾದಿನ ಏಪ್ರಿಲ್ ಬಿಸಿಲಿಗೆ ಇಟ್ಟರೆ ಎಲೆ ಸುಡುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸಬೇಕು.

ಎಲೆ ಮತ್ತು ಕಿಟಕಿ ಗಾಜಿನ ಮೇಲಿನ ಧೂಳು ಬೆಳಕನ್ನು ತಡೆಯುತ್ತದೆ. ಒದ್ದೆ ಬಟ್ಟೆಯಿಂದ ಆಗಾಗ ಒರೆಸಿ. ಕಿಟಕಿಯೇ ಇಲ್ಲದ ಕಡೆ ಗಿಡ ಬೇಕೆಂದರೆ ಹತ್ತಿರದಲ್ಲಿ ಎಲ್‌ಇಡಿ ಗ್ರೋ ಲೈಟ್ ಹಾಕಿ ದಿನಕ್ಕೆ 10ರಿಂದ 12 ಗಂಟೆ ಉರಿಸಬಹುದು.

ಗೊಬ್ಬರ ಗಿಡಕ್ಕೆ ಊಟವಲ್ಲ, ಉಪ್ಪು-ಖಾರ ಇದ್ದ ಹಾಗೆ. ಊಟ ತಯಾರಾಗುವುದು ಬೆಳಕಿನಲ್ಲಿ ಮಾತ್ರ.

2017ರ ಡಿಸೆಂಬರ್ 8ರಂದು ಗೂಗಲ್ ತನ್ನ ಮುಖಪುಟದಲ್ಲಿ ಇಂಗೆನ್‌ಹೌಸ್ ಅವರ ಜನ್ಮದಿನದ ಡೂಡಲ್ ಹಾಕಿತ್ತು. ಅವತ್ತು ಅನೇಕರು ಆ ಹೆಸರನ್ನು ಮೊದಲ ಬಾರಿಗೆ ಓದಿದರು. ಬದುಕಿದ್ದಾಗ ಅವರು ಬಯಸಿದ ಮನ್ನಣೆ ಬರಲು ಇಷ್ಟು ಕಾಲ ಹಿಡಿಯಿತು.

ಮುಂದಿನ ಸಲ ಮನೆಯ ಗಿಡ ಬಾಡಿದಂತೆ ಕಂಡರೆ ನೀರಿನ ಜಗ್ ಎತ್ತುವ ಮೊದಲು ಇಂಗೆನ್‌ಹೌಸ್ ಮಾಡಿದ ಕೆಲಸ ಮಾಡಿ ನೋಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಆ ಮೂಲೆಗೆ ಎಷ್ಟು ಬೆಳಕು ಬೀಳುತ್ತದೆ ಎಂದು ಒಂದು ದಿನ ಗಮನಿಸಿ. ನಂತರ ಕುಂಡವನ್ನು ಕಿಟಕಿಯ ಹತ್ತಿರ ಸರಿಸಿ, ಕೆಲವು ವಾರ ಕಾಯಿರಿ. ಬರುವ ಹೊಸ ಎಲೆಯೇ ಉತ್ತರ ಹೇಳುತ್ತದೆ.